ಡೆಕ್ಲನ್‌ಗೆ ನಾನು ಕೊಟ್ಟ ಉತ್ತರ

ಉಷಕ್ಕ, ನಿಮ್ಮನ್ನು ಹೊಡೆದವನು ಯಾರೆಂದು ನನಗೆ ಗೊತ್ತು. ಆ ಸಂಜೆಯೇ ಗೊತ್ತಿತ್ತು. ಅವನು ನನ್ನ ಪಕ್ಕದ ಮನೆಯ ಡೆಕ್ಲನ್ — ಬಡಾವಣೆಯ ನಿವಾಸಿಗಳ ಕಮಿಟಿಯಲ್ಲಿ ನೀವು ಈಗ ಪಕ್ಕದಲ್ಲೇ ಕೂರಿಸಿಕೊಳ್ಳುವ, ನಿಮ್ಮ ಮನೆಯ ಚಹಾ ಕುಡಿಯುವ ಅದೇ ಡೆಕ್ಲನ್. ಪೊಲೀಸರು ಕೇಳಿದಾಗ ಯಾರನ್ನೂ ನೋಡಲಿಲ್ಲ ಎಂದೆ. ನೋಡಿದ್ದೆ. ಅವನ ಜೊತೆ ಮಾತಾಡಿಯೂ ಇದ್ದೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು ನನಗೆ ಕೈಗೆ ಹತ್ತಿದ ಕೆಲಸ — ಆಫೀಸಿನಲ್ಲಿ ದಿನಕ್ಕೆ ನಾಲ್ಕು ಈಮೇಲ್‌ಗಳಲ್ಲಿ ಕೇಳುತ್ತೇನೆ, ಒಂದರಲ್ಲೂ ನನಗೆ ಏನೂ ಅನ್ನಿಸುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳಬೇಕಾಗುತ್ತದೆ, ಯಾಕೆಂದರೆ ನಾನು ಕುಳಿತಿದ್ದ ಜಾಗದಿಂದ ಅದು ಬೇರೆಯಾಗಿ ಕಂಡಿತ್ತು.

ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರಾಗಿ ದುಡಿಯುವ ನೀವು, ಬಸ್ ಸ್ಟಾಪಿನಿಂದ ಆಸ್ಪತ್ರೆಗೆ ದಾಟುವ ರಸ್ತೆಗೆ ಒಂದು ಪಾದಚಾರಿ ಕ್ರಾಸಿಂಗ್ ಹಾಕಿಸಲು ಕೌನ್ಸಿಲ್ ಚುನಾವಣೆಗೆ ನಿಂತಿರಿ. ಪಕ್ಷವಿಲ್ಲ, ದುಡ್ಡಿಲ್ಲ. ಈ ಪರದೇಶದ ಬ್ಲಾಂಚರ್ಡ್ಸ್‌ಟೌನ್‌ಗೆ ಬಂದು ನೆಲೆಸಿದ ನಮ್ಮ ಕನ್ನಡಿಗರು ಅದಕ್ಕೆ ಏನೆಂದರು ಗೊತ್ತೇ? ನಿಮ್ಮನ್ನು ಸೇರಿಸದ ಒಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಪ್ರಸನ್ನ ಬರೆದ: ‘ಮೇಡಂಗೆ ನೈಟ್ ಡ್ಯೂಟಿ ಸಾಲ್ತಾ ಇಲ್ಲ ಅನ್ಸತ್ತೆ.’ ಸಾಲುಸಾಲಾಗಿ ನಗುವ ಮುಖಗಳು ಬಂದವು. ಅದರಲ್ಲೊಂದು ನನ್ನದು. ಪೌರತ್ವ ಇಲ್ಲದವರೂ ಇಲ್ಲಿನ ಕೌನ್ಸಿಲ್‌ಗೆ ಮತ ಹಾಕಬಹುದು, ಹೆಸರು ಸೇರಿಸಿಕೊಳ್ಳಿ ಎಂದು ನೀವು ಮನೆಮನೆಗೆ ಹೋಗಿ ತಿಳಿಸಿದಿರಿ. ಇಂಜಿನಿಯರಿಂಗ್ ಓದಿದ ಗಂಡಸರು ನಿಮ್ಮೆದುರು ತಲೆಯಾಡಿಸಿ, ನೀವು ಹೋದಮೇಲೆ ಗುಂಪಿನಲ್ಲಿ ಕೇಳಿದರು: ‘ವೋಟ್ ಹಾಕಿದ್ರೆ ವೀಸಾಗೆ ಪ್ರಾಬ್ಲಂ ಆಗಲ್ವಾ?’ ಮೂರು ಬೆಡ್‌ರೂಮಿನ ಮನೆ, ಎರಡು ಕಾರು, ಇಷ್ಟೊಂದು ಹೆದರಿಕೆ.

ಪ್ರಚಾರಕ್ಕೆ ನಾನು ನಿಮ್ಮ ಕಾರು ಓಡಿಸಲು ಒಪ್ಪಿದ್ದು ಅವರಿಗಿಂತ ಒಳ್ಳೆಯವನೆಂದಲ್ಲ. ಹಾಗೆ ಕಾಣಿಸಿಕೊಳ್ಳುವ ಆಸೆ ಇತ್ತು, ಅಷ್ಟೇ. ನಿಮ್ಮ ಜೊತೆ ಒಂದು ಫೋಟೋ, ಮುಂದೆಂದಾದರೂ ಕೌನ್ಸಿಲರ್ ಗೊತ್ತು ಎಂದು ಹೇಳಿಕೊಳ್ಳುವ ಸವಲತ್ತು.

ಮೇ ತಿಂಗಳ ಕೊನೆ. ಸಂಜೆ ಎಂಟು ಗಂಟೆ ದಾಟಿದರೂ ಬಿಸಿಲು. ನೀವು ಆ ಒಳಬೀದಿಯಲ್ಲಿ ಒಂದೊಂದೇ ಬಾಗಿಲು ತಟ್ಟುತ್ತ ಹೋದಿರಿ. ನಾನು ತಿರುವಿನಲ್ಲಿ ಕಾರು ನಿಲ್ಲಿಸಿ ಕೂತಿದ್ದೆ. ಫೋನ್ ನೋಡುತ್ತಿದ್ದೆ ಎಂದು ಆಮೇಲೆ ನಿಮಗೆಲ್ಲ ಹೇಳಿದೆನಲ್ಲ — ಫೋನಿನ ಚಾರ್ಜ್ ಮಧ್ಯಾಹ್ನವೇ ಮುಗಿದಿತ್ತು. ನೋಡುವುದಕ್ಕೆ ನಿಮ್ಮನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಮನೆಯ ಬಾಗಿಲಿಗೆ ಕಾಗದ ಹಾಕುವ ಸೀಳು ತೀರ ಕೆಳಗಿತ್ತು. ನೀವು ಬಗ್ಗಿ ಕರಪತ್ರ ತೂರಿಸುತ್ತಿದ್ದಿರಿ. ಹಿಂದಿನಿಂದ ತಲೆ ಮುಚ್ಚುವ ಬೂದು ಜಾಕೆಟ್ ಹಾಕಿಕೊಂಡವನೊಬ್ಬ ಗೇಟು ದಾಟಿ ಒಳಗೆ ಹೋದ. ಆ ಮನೆಯವನೇ ಇರಬೇಕು ಎಂದುಕೊಂಡೆ. ಅವನು ಎರಡೂ ಕೈಯಿಂದ ನಿಮ್ಮ ಬೆನ್ನಿಗೆ ತಳ್ಳಿದ. ನಿಮ್ಮ ತಲೆ ಮೆಟ್ಟಿಲಿನ ಅಂಚಿಗೆ ಬಡಿಯಿತು. ಒಂದು ಸಲ ಪಕ್ಕೆಗೆ ಒದ್ದ. ಏಳಲು ನೀವು ನೆಲಕ್ಕೆ ಊರಿದ ಕೈಯನ್ನು ತುಳಿದ — ಗಡಿಬಿಡಿಯಿಲ್ಲದೆ, ಸಿಗರೇಟು ಹೊಸಕುವ ಹಾಗೆ.

ನನ್ನ ಕೈ ಬಾಗಿಲಿನ ಕಡೆ ಹೋಯಿತು. ಹೋಗಿ ಲಾಕ್ ಒತ್ತಿತು. ನಾಲ್ಕೂ ಬಾಗಿಲುಗಳು ಒಟ್ಟಿಗೆ ಟಕ್ ಎಂದವು. ಇಂದಿಗೂ ಯಾವುದೋ ಪಾರ್ಕಿಂಗ್‌ನಲ್ಲಿ, ಯಾರದೋ ಕಾರಿನಿಂದ ಆ ಸದ್ದು ಬಂದರೆ ತಿರುಗಿ ನೋಡುತ್ತೇನೆ. ನಿಮಗೆ ಕೇಳಿಸಿತ್ತೇ ಎಂಬುದು — ಕೇಳಲು ಧೈರ್ಯ ಬಂದಿಲ್ಲ.

ಅವನು ಓಡಲಿಲ್ಲ. ನಡೆದುಕೊಂಡು ನನ್ನ ಕಡೆಗೇ ಬಂದ, ತಲೆಯ ಮೇಲಿನ ಬಟ್ಟೆ ಹಿಂದಕ್ಕೆ ಸರಿಸುತ್ತ. ಸೆಕೆಗೆ ನಾನು ಕಿಟಕಿಯ ಗಾಜು ಅರ್ಧ ಇಳಿಸಿಟ್ಟಿದ್ದೆ; ಬಾಗಿಲಿಗೆ ಲಾಕ್ ಹಾಕಿ ಕಿಟಕಿ ತೆರೆದಿಟ್ಟ ವೀರ. ಡೆಕ್ಲನ್ ನನ್ನನ್ನು ಕಂಡು ನಿಂತ. ಮುಖ ಕೆಂಪಾಗಿತ್ತು, ಉಸಿರು ಜೋರಾಗಿತ್ತು. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಕೇಳುವ ದನಿಯಲ್ಲೇ ಕೇಳಿದ:

“ಆಲ್ ಗುಡ್?”

“ಗ್ರಾಂಡ್,” ಎಂದೆ.

ಕಾರಿನ ಮೇಲ್ಛಾವಣಿಯನ್ನು ಮೆಲ್ಲಗೆ ತಟ್ಟಿ ಹೋದ.

ಎಲ್ಲ ಸರಿ, ಆರಾಮ, ಏನೂ ತೊಂದರೆ ಇಲ್ಲ — ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ಇದೆಲ್ಲಕ್ಕೂ ನಾವು ಇಲ್ಲಿ ಹೇಳುವುದು ಅದೊಂದೇ ಪದ. ಅದು ಅಭ್ಯಾಸದಿಂದ ಬಾಯಿಗೆ ಬಂದುಬಿಟ್ಟಿತು ಎಂದು ಬಹಳ ತಿಂಗಳು ನನ್ನನ್ನೇ ನಂಬಿಸಿಕೊಂಡಿದ್ದೆ. ಸುಳ್ಳು. ಅವನು ಗೇಟಿನಿಂದ ಕಾರಿನವರೆಗೆ ನಡೆದು ಬರುವಷ್ಟರಲ್ಲಿ ನಾನು ಎಲ್ಲ ಯೋಚಿಸಿ ಮುಗಿಸಿದ್ದೆ. ನನ್ನ ಪೌರತ್ವದ ಅರ್ಜಿ ಇನ್ನೂ ಕಚೇರಿಯಲ್ಲಿತ್ತು. ಅವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನನ್ನ ಮಗಳು ಅವನ ಮಗಳ ಜೊತೆ ಟ್ರ್ಯಾಂಪೊಲಿನ್ ಮೇಲೆ ಕುಣಿಯುತ್ತಾಳೆ. ಇಷ್ಟು ಒಂದು ಕಡೆ, ಮೆಟ್ಟಿಲ ಮೇಲೆ ಬಿದ್ದಿರುವ ನೀವು ಇನ್ನೊಂದು ಕಡೆ. ಆಮೇಲೆ ಬಾಯಿ ತೆರೆದೆ.

ಬಾಗಿಲು ತೆರೆದು ಬಂದದ್ದು ಆ ಮನೆಯ ಮುದುಕಿ. ನಿಮ್ಮ ಹೆಸರು ಕೂಡ ಗೊತ್ತಿಲ್ಲದ ಹೆಂಗಸು. ಪಾತ್ರೆ ಒರೆಸುವ ಬಟ್ಟೆಯನ್ನು ನಿಮ್ಮ ಹುಬ್ಬಿಗೆ ಒತ್ತಿ ಹಿಡಿದು, ಆ ಮೆಟ್ಟಿಲ ಮೇಲೆಯೇ ಪಕ್ಕದಲ್ಲಿ ಕೂತಳು. ಅದಾದ ಮೇಲೆ ನಾನು ಕಾರಿನಿಂದ ಇಳಿದು ಓಡಿದೆ. ನಿಮಗೆ ಕಂಡದ್ದು ಆ ಓಟ ಮಾತ್ರ.

ನಿಮ್ಮದೇ ವಾರ್ಡಿನಲ್ಲಿ ನಿಮಗೆ ಹೊಲಿಗೆ ಹಾಕಿದರು. ಹೊಲಿಯುತ್ತಿದ್ದ ಮಂಗಳೂರಿನ ಹುಡುಗನಿಗೆ ನೀವು ಹೇಳಿದಿರಿ: “ಸಣ್ಣದಾಗಿ ಹೊಲಿಯಪ್ಪ. ಕಂಬಕ್ಕೆ ಕಟ್ಟಿರೋ ಪೋಸ್ಟರ್ ಮುಖಕ್ಕೂ ಈ ಮುಖಕ್ಕೂ ತಾಳೆ ಆಗ್ಬೇಕು, ಇಲ್ಲಾಂದ್ರೆ ಜನ ಬೇರೆ ಯಾರೋ ಅಂದ್ಕೋತಾರೆ.” ಎಲ್ಲರೂ ನಕ್ಕರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

ಗಾರ್ಡಾ ಸ್ಟೇಷನ್ನಿನಿಂದ ಬಂದ ಪೊಲೀಸ್ ಹುಡುಗಿ ಕಾರಿಡಾರಿನಲ್ಲಿ ನನ್ನನ್ನು ಕೇಳಿದಳು — ಮುಖ ನೋಡಿದಿರಾ? ಇಲ್ಲ, ಫೋನ್ ನೋಡುತ್ತಿದ್ದೆ ಎಂದೆ. ಅವಳು ಎರಡನೇ ಸಲ ಕೇಳಿದಳು, ನನ್ನ ಕಣ್ಣನ್ನೇ ನೋಡುತ್ತ. ಆಗ ನೀವು, ಬ್ಯಾಂಡೇಜಿನ ತಲೆಯನ್ನು ಪರದೆಯ ಆಚೆಯಿಂದ ಹೊರಗೆ ಚಾಚಿ, ಅವನನ್ನು ಬಿಟ್ಟುಬಿಡಿ, ಪಾಪ ನಡುಗುತ್ತಿದ್ದಾನೆ ಎಂದಿರಿ. ನಡುಗುತ್ತಿದ್ದದ್ದು ನಿಜ. ನೀವು ಅದನ್ನು ನಿಮ್ಮ ಮೇಲಿನ ಕಾಳಜಿ ಎಂದುಕೊಂಡಿರಿ.

ಬೇರೆ ಸಾಕ್ಷಿ ಇರಲಿಲ್ಲ. ಮುದುಕಿ ಯಾರನ್ನೂ ಕಂಡಿರಲಿಲ್ಲ. ಕೇಸು ಅಲ್ಲೇ ನಿಂತಿತು.

ಆಮೇಲೆ ಆ ಎಣಿಕೆಯ ದಿನ — ಅದನ್ನು ಬರೆಯಲು ಇಷ್ಟು ಹೊತ್ತು ಹಿಂಜರಿದೆ. ಕ್ರೀಡಾಂಗಣದ ದೊಡ್ಡ ಹಾಲ್. ಉದ್ದುದ್ದ ಮೇಜುಗಳ ಮೇಲೆ ಮತಪತ್ರಗಳ ಕಟ್ಟುಗಳು, ತಡೆಬೇಲಿಯ ಈಚೆ ನಾವು. ಇಲ್ಲಿ ಒಂದೇ ಸಲ ಎಣಿಸಿ ಮುಗಿಸುವುದಿಲ್ಲವಲ್ಲ — ಕಡೆಯ ಸ್ಥಾನದ ಅಭ್ಯರ್ಥಿಯನ್ನು ಹೊರಹಾಕಿ, ಅವನ ಮತಗಳನ್ನು ಜನ ಬರೆದ ಎರಡನೇ ಆಯ್ಕೆಗೆ ಹಂಚಿ, ಮತ್ತೆ ಎಣಿಸುತ್ತಾರೆ. ಬೆಳಿಗ್ಗೆ ನಿಮ್ಮ ಜೊತೆ ನಿಂತಿದ್ದ ಕನ್ನಡಿಗ ನಾನೊಬ್ಬನೇ. ನೀವು ಕೊನೆಯ ಸೀಟಿಗೆ ಹತ್ತಿರವಾಗುತ್ತಿದ್ದೀರಿ ಎಂಬ ಸುದ್ದಿ ಹೋಗಿದ್ದೇ ತಡ, ಒಬ್ಬೊಬ್ಬರೇ ಬರತೊಡಗಿದರು. ಹೆಸರೇ ನೋಂದಾಯಿಸದವರು ಬಂದರು. ಪ್ರಸನ್ನ ಮೈಸೂರು ಪೇಟ ಹಿಡಿದುಕೊಂಡು ಬಂದ. “ನಮ್ಮ ಕಮ್ಯುನಿಟಿ ಗೆದ್ದಂಗೆ ಅಕ್ಕ,” ಎಂದ. ನೀವು ಪೇಟ ತೊಡಿಸಿಕೊಂಡು, “ಇದು ಸೋತಿದ್ರೂ ತರ್ತಿದ್ಯೇನಪ್ಪಾ?” ಎಂದು ಕೇಳಿದಿರಿ. ಅವನು ನಕ್ಕ. ಅಂಥವರಿಗೆ ನಾಚಿಕೆ ಎಲ್ಲಿ ನಾಟಬೇಕು.

ನಿಮ್ಮ ಹೆಸರು ಘೋಷಿಸಿದರು. ಗೆದ್ದವರನ್ನು ಹೆಗಲ ಮೇಲೆ ಎತ್ತುವುದು ಇಲ್ಲಿನ ಪದ್ಧತಿ. ಒಂದು ಕಡೆಗೆ ನಾನು ಹೆಗಲು ಕೊಟ್ಟೆ. ಇನ್ನೊಂದು ಕಡೆಗೆ ಬರಬೇಕಾದ ಪ್ರಸನ್ನನಿಗೆ ಬೆನ್ನು ನೋವು ನೆನಪಾಯಿತು. ಆಗ ಬೇಲಿಯ ಪಕ್ಕದಿಂದ ಡೆಕ್ಲನ್ ಬಂದ — ಸೋತ ಇನ್ನೊಬ್ಬ ಅಭ್ಯರ್ಥಿಯ ಪರವಾಗಿ ಎಣಿಕೆ ನೋಡಲು ಬಂದಿದ್ದ, ಕೊರಳಲ್ಲಿ ಪಾಸು ನೇತಾಡುತ್ತಿತ್ತು. “ಫೇರ್ ಪ್ಲೇ ಟು ಯೂ, ಡಾಕ್ಟರ್,” ಎಂದು ಅಭಿನಂದಿಸುತ್ತ ಕೈ ನೀಡಿದ. ನೀವು ಬಲಗೈ ಕೊಟ್ಟಿರಿ. ಎಡಗೈ ಇನ್ನೂ ಪಟ್ಟಿಯಲ್ಲಿತ್ತು. ಅವನು ಆ ಪಟ್ಟಿಯನ್ನು ನೋಡಿದ, ಆಮೇಲೆ ನನ್ನನ್ನು. ಇವರು ಯಾರು ಎಂಬಂತೆ ನೀವು ನನ್ನ ಕಡೆ ತಿರುಗಿದಿರಿ.

“ನಮ್ಮ ಪಕ್ಕದ ಮನೆಯವ್ರು, ಅಕ್ಕ. ತುಂಬ ಒಳ್ಳೆಯವ್ರು,” ಎಂದೆ.

ಯಾರೂ ನನ್ನಿಂದ ಆ ಎರಡನೇ ಮಾತನ್ನು ಕೇಳಿರಲಿಲ್ಲ. ಪಕ್ಕದ ಮನೆಯವ್ರು ಎಂದಿದ್ದರೆ ಸಾಕಿತ್ತು. ಅವನು ನನ್ನ ಕಡೆ ಒಂದು ಸಲ ತಲೆಬಾಗಿಸಿದ, ಲೇವಾದೇವಿ ಮುಗಿದವರ ಹಾಗೆ. ಅನಂತರ ಇಬ್ಬರೂ ಸೇರಿ ನಿಮ್ಮನ್ನು ಎತ್ತಿದೆವು. ಕೌನ್ಸಿಲರ್ ಆಗಿ ನೀವು ಜನರ ದೂರು ಕೇಳುವ ಕೋಣೆಯಲ್ಲಿ ತೂಗುಹಾಕಿರುವ ಫೋಟೋ ಅದೇ — ಎಡಗಡೆ ನಾನು, ಬಲಗಡೆ ಅವನು, ಮಧ್ಯೆ ಪೇಟ ತೊಟ್ಟು ನಗುತ್ತಿರುವ ನೀವು.

ಅವನನ್ನು ರಾಕ್ಷಸನೆಂದು ಬರೆದರೆ ನನಗೆ ಅನುಕೂಲ. ರಾಕ್ಷಸನಿಗೆ ಹೆದರುವುದು ಮರ್ಯಾದೆಯ ಸಂಗತಿ. ಆದರೆ ಅವನೊಬ್ಬ ಅಲ್ಪ ಮನುಷ್ಯ, ಉಷಕ್ಕ. ಹುಲ್ಲು ಕತ್ತರಿಸುವ ಯಂತ್ರ ಎರವಲು ಕೊಡುತ್ತಾನೆ, ನಾಯಿ ಸತ್ತಾಗ ಅಂಗಳದಲ್ಲಿ ಕೂತು ಅತ್ತ. ಒಬ್ಬ ಹೆಂಗಸು ಬಗ್ಗಿರುವಾಗ, ಬೆನ್ನು ತಿರುಗಿಸಿರುವಾಗ, ಬೀದಿ ಖಾಲಿ ಎಂದುಕೊಂಡಾಗ ಅವನಿಗೆ ಶೌರ್ಯ ಬಂತು. ಅವನಿಗೆ ಹೆದರಿದ ನಾನು ಅವನಿಗಿಂತ ಸಣ್ಣವನು. ಎರಡು ಮನೆಗಳ ನಡುವಿನ ಆ ಗೋಡೆಯ ಎರಡೂ ಕಡೆ ಒಂದೇ ಜಾತಿಯ ಪ್ರಾಣಿ ವಾಸವಾಗಿತ್ತು. ನನ್ನ ಪೌರತ್ವವೂ ಬಂತು. ಈ ದೇಶಕ್ಕೆ ನಿಷ್ಠನಾಗಿರುತ್ತೇನೆ ಎಂದು ಎದ್ದುನಿಂತು ಹೇಳಿದೆ. ಆಗಲೂ ಮಾತಾಡಲಿಲ್ಲ — ಹೆದರಿಕೆಗೆ ಇದ್ದ ಕಾರಣ ಮುಗಿದರೂ ಹೆದರಿಕೆ ಉಳಿದಿತ್ತು.

ಬಹುಶಃ ಹೀಗೇ ಇದ್ದುಬಿಡುತ್ತಿದ್ದೆ. ಆದರೆ ಮೊನ್ನೆ ಭಾನುವಾರ ನೀವು ಫೋನ್ ಮಾಡಿದಿರಿ.

“ನವೀನಾ, ಗುರುವಾರದಿಂದ ಮತ್ತೆ ಮನೆಮನೆ ಸುತ್ತೋದು ಶುರು ಮಾಡ್ತೀನಪ್ಪ. ಕ್ರಾಸಿಂಗ್‌ಗೆ ಸಹಿ ಬೇಕು. ಆವತ್ತಿನಿಂದ ಒಬ್ಬಳೇ ಗೇಟ್ ದಾಟೋಕೆ ಕಾಲೇ ಬರಲ್ಲ, ಯಾರಿಗೂ ಹೇಳಿಲ್ಲ ನಾನು. ಡೆಕ್ಲನ್ ಜೊತೇಲಿ ಬರ್ತೀನಿ ಅಂದಿದಾನೆ. ನಿನ್ನ ನೆರೆಯವನಲ್ವಾ, ಏನಂತೀಯ — ನಂಬಬಹುದಾ?”

ಎರಡು ವರ್ಷ ಆಗುತ್ತ ಬಂತು, ಅಷ್ಟು ಕಾಲ ಇದೊಂದು ಪ್ರಶ್ನೆ ಕೇಳುವುದಕ್ಕೇ ಕಾದವರಂತೆ ನೀವು ಕೇಳಿದಿರಿ. ಬಾಯಿ ತೆರೆದೆ.

“ಹೂಂ ಅಕ್ಕ,” ಎಂದೆ.

ಫೋನ್ ಇಟ್ಟಮೇಲೆ ಮೊದಲ ಸಲ ನನಗೆ ನನ್ನ ಮೇಲೆ ಮರುಕ ಹುಟ್ಟಲಿಲ್ಲ. ಅಸಹ್ಯ ಹುಟ್ಟಿತು, ಶುದ್ಧವಾದ ಅಸಹ್ಯ. ನಿಮ್ಮನ್ನು ಮತ್ತೊಂದು ಬಾಗಿಲಿನ ಮುಂದೆ, ಅವನು ಹಿಂದೆ ನಿಂತಿರುವಾಗ, ಬಗ್ಗಲು ಕಳಿಸುತ್ತಿದ್ದೆ.

ಅವನು ಮತ್ತೆ ಹೊಡೆಯುತ್ತಾನೆಯೇ, ಅಥವಾ ಪಶ್ಚಾತ್ತಾಪದಿಂದ ಕಾವಲಿಗೆ ಬರುತ್ತಿದ್ದಾನೆಯೇ — ನನಗೆ ತಿಳಿಯದು. ಅದನ್ನು ಊಹಿಸುವ ಕೆಲಸ ನನ್ನದಲ್ಲ. ತಿಳಿದು ನಿರ್ಧರಿಸುವ ಹಕ್ಕು ನಿಮ್ಮದಾಗಿತ್ತು, ಅದನ್ನು ನಾನು ಇಟ್ಟುಕೊಂಡಿದ್ದೆ.

ಗುರುವಾರ ಅವನ ಜೊತೆ ಹೊರಡಬೇಡಿ. ನನ್ನನ್ನು ಮನೆಗೆ ಕರೆಯಬೇಡಿ, ಕ್ಷಮಿಸಿದೆ ಎಂದು ದೊಡ್ಡ ಮನಸ್ಸಿನಿಂದ ಹೇಳಲೂ ಬೇಡಿ. ಹೇಳಿದರೆ ನಾನು ಅದನ್ನೂ ಆಸೆಯಿಂದ ತೆಗೆದುಕೊಂಡುಬಿಡುವಂಥವನು. ನಾಳೆ ಬೆಳಿಗ್ಗೆ ಗಾರ್ಡಾ ಸ್ಟೇಷನ್‌ಗೆ ಹೋಗಿ ನನ್ನ ಸುಳ್ಳು ಹೇಳಿಕೆಯನ್ನು ಬದಲಿಸುತ್ತೇನೆ, ಅದಕ್ಕೆ ಏನು ಶಿಕ್ಷೆಯೋ ಅದನ್ನೂ ಕೇಳಿಕೊಂಡು ಬರುತ್ತೇನೆ. ಆದರೆ ಈ ಮಾತನ್ನು ನಂಬಿ ಕೂರಬೇಡಿ. ಮಧ್ಯಾಹ್ನ ನೀವೇ ಅಲ್ಲಿಗೆ ಫೋನ್ ಮಾಡಿ ಕೇಳಿ — ನವೀನ ಎಂಬವನು ಬಂದಿದ್ದನೇ ಎಂದು. ಬಂದಿಲ್ಲ ಎಂದರೆ, ಈ ಪತ್ರವನ್ನು ಅವರಿಗೆ ಕೊಡಿ.