ಸಾವಕಾರರು ತಿನ್ನದ ಉಪ್ಪಿನಕಾಯಿ

ನಮ್ಮ ಕುರಿ ಕಾಯುವ ಮನೆತನದಲ್ಲಿ ಬಿ.ಎಸ್‌ಸಿ. ಪಾಸಾದವನು ನಾನೇ ಮೊದಲು. ಕೊಲ್ಹಾಪುರದಲ್ಲಿ ರಸಾಯನಶಾಸ್ತ್ರ ಓದಿ ಗಡಹಿಂಗ್ಲಜದ ಹತ್ತಿರದ ನಮ್ಮೂರಿಗೆ ಮರಳಿದಾಗ ಯುದ್ಧದ ಕಾಲ. ಪದವಿಯಿತ್ತು, ನೌಕರಿಯಿರಲಿಲ್ಲ. ಇಚಲಕರಂಜಿಯ ಜೈನ ಸಾವಕಾರರೊಬ್ಬರು ಮಾವಿನ ಉಪ್ಪಿನಕಾಯಿ ಮಾಡಿಸಿ ಮಗ್ಗದವರ ಖಾನಾವಳಿಗಳಿಗೆ ಮಾರುತ್ತಿದ್ದರು. ಮಳೆ ಹಿಡಿಯಿತೆಂದರೆ ಭರಣಿಗಳಲ್ಲಿ ಬೂಷ್ಟು. ಅದನ್ನು ನಿಲ್ಲಿಸಿದರೆ ಕೆಲಸ ಕೊಡುತ್ತೇನೆ ಎಂದರು. ಅಪ್ಪ ಅಷ್ಟಕ್ಕೇ ಊರೆಲ್ಲ ಹೇಳಿಕೊಂಡು ಬಂದ.

ಲವಂಗ, ದಾಲ್ಚಿನ್ನಿ ಕುಟ್ಟಿ ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕಿ ಸತ್ವ ಇಳಿಸಿದೆ. ಒಂದು ಭರಣಿಗೆ ಅದನ್ನು ಬೆರೆಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಆಷಾಢ ಕಳೆಯುವಷ್ಟರಲ್ಲಿ ಬಿಟ್ಟದ್ದು ಬೆಳ್ಳಗಾಯಿತು. ಬೆರೆಸಿದ್ದು ಹಾಕಿದ ದಿನದ ಹಾಗೇ ಇತ್ತು. ಎರಡನ್ನೂ ಹೊತ್ತುಕೊಂಡು ಪೇಟೆಗೆ ಹೋದೆ.

"ಕಣ್ಣಿಗೇನೋ ಛಲೋ ಕಾಣ್ತೈತಿ," ಎಂದರು ಸಾವಕಾರರು. "ಆದರ ರುಚಿ ನೋಡಲಾರದ ನಾ ಯಾವ ಮಾಲೂ ತಗೊಳ್ಳೂದಿಲ್ಲ."

"ನೋಡ್ರಿ ಮತ್ತ."

"ಚಾತುರ್ಮಾಸ ಅಲ್ಲೇನ್ರಿ? ಉಪ್ಪಿನಕಾಯಿ ಬಿಟ್ಟೇನಿ. ದೀಪಾವಳಿ ಆದಮ್ಯಾಲ ಬರ್ರಿ."

ವ್ರತ ಅವರದು, ಉಪವಾಸ ನನ್ನದು. ದೀಪಾವಳಿ ಮುಗಿದದ್ದೇ ಹೋದೆ. ಸತ್ವ ಬೆರೆಸಿದ ಅದೇ ಭರಣಿಯ ಬಟ್ಟೆ ಬಿಚ್ಚಿ ಮುಂದಿಟ್ಟೆ. ಅವರು ಗಾದಿಯ ಮೇಲೆ ಒಂದಿಷ್ಟು ಹಿಂದೆ ಸರಿದರು.

"ಭಾಳ ಹಳೇದಾತಲ್ರಿ. ದಿನದ ಮಿತಿ ಮೀರಿದ ಉಪ್ಪಿನಕಾಯಿ ನಮ್ಮ ಜೈನರಲ್ಲಿ ನಡ್ಯೂದಿಲ್ಲ. ಜೀವ ಹುಟ್ಟಿರ್ತಾವ."

"ಹುಟ್ಟಬಾರದಂತನ ಈ ಸತ್ವ ಹಾಕೇನಿ ಸಾವಕಾರ್ರ! ಕಾಲೇಜಿನ ಮೈಕ್ರೋಸ್ಕೋಪಿನ್ಯಾಗ ಹಾಕಿ ನೋಡೇನಿ. ಒಂದೂ ಇಲ್ಲ."

"ನಿಮ್ಮ ಮೈಕ್ರೋಸ್ಕೋಪಿಗೆ ಕಾಣಲಾರದ್ದೂ ಇರ್ತಾವ್ರಿ, ಬಿ.ಎಸ್‌ಸಿ. ಸಾಹೇಬ್ರ."

ನನ್ನ ಮೈಯೆಲ್ಲ ಉರಿಯಿತು. ಹೊಸದನ್ನು ತಿಂದರೆ ಸತ್ವದ ಗುಣ ತಿಳಿಯುವುದಿಲ್ಲ. ಗುಣ ತಿಳಿಯುವಷ್ಟು ದಿನ ಇಟ್ಟರೆ ಇವರು ತಿನ್ನುವುದಿಲ್ಲ. ನನ್ನ ಔಷಧಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ನೌಕರಿ ಅಷ್ಟು ದೂರ!

"ಖಾನಾವಳಿಯವರಿಗೆ ಇದಕ್ಕಿಂತ ಹಳೇದು ಮಾರ್ತೀರಲ್ರಿ?" ಎಂದು ಕೇಳಿಯೇ ಬಿಟ್ಟೆ.

"ಅವರಿಗೆಲ್ಲೈತ್ರಿ ನೇಮ? ನೀವೂ ತಿಂತೀರಲ್ಲ? ಹಂಗಾರ ನನ್ನ ಮುಂದ ತಿಂದು ತೋರಸ್ರಿ."

ತಿಂದೆ. ಬರೀ ಉಪ್ಪಿನಕಾಯಿ, ಭಕ್ರಿಯಿಲ್ಲ, ಅನ್ನವಿಲ್ಲ. ಹೋಳಿನ ಮೇಲೆ ಹೋಳು ಬಾಯಿಗೆ ಹಾಕಿಕೊಂಡು ಅವರ ಮುಖವನ್ನೇ ನೋಡುತ್ತ ಜಗಿದೆ. ಖಾರಕ್ಕೋ ಸಿಟ್ಟಿಗೋ ಕಣ್ಣಲ್ಲಿ ನೀರು ಬಂತು. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ.

"ಹಳಸೈತೇನ್ರಿ?"

"ಇಲ್ಲ."

"ವಾಸನಿ?"

"ಲವಂಗದ್ದು. ಅಷ್ಟ."

"ಹಂಗಾರ ನಾಳಿಂದ ಬರ್ರಿ. ಎಲ್ಲಾ ಭರಣಿ ರುಚಿ ನೋಡೂದು ನಿಮ್ಮ ಕೆಲಸ. ನಮ್ಮನ್ಯಾಗ ಯಾರೂ ತಿನ್ನೂದಿಲ್ಲ, ಒಬ್ಬವ ಬೇಕಾಗಿದ್ದ."

ಊರಿಗೆ ಬಂದು ಹೇಳಿದಾಗ ಅಪ್ಪ ಹುಬ್ಬು ಗಂಟಿಕ್ಕಿದ. "ಉಪ್ಪಿನಕಾಯಿ ನೆಕ್ಕಾಕ ಇಷ್ಟು ವರ್ಷ ಓದಬೇಕಿತ್ತೇನೋ ತಮ್ಮಾ?"

ಮರುದಿನ ಹೋದೆ. ಆದರೆ ಹೊಸ್ತಿಲ ಹೊರಗೆ ನಿಂತುಕೊಂಡೇ ಹೇಳಿದೆ: ಸತ್ವ ಇಳಿಸುವವನೂ ನಾನೇ, ಭರಣಿಗೆ ಎಷ್ಟು ಹಾಕಬೇಕೆಂದು ಹೇಳುವವನೂ ನಾನೇ, ನನ್ನ ಹುದ್ದೆಯ ಹೆಸರು ಕೆಮಿಸ್ಟ್. ಸಾವಕಾರರು ನಕ್ಕು, "ಕೆಮಿಸ್ಟ್ ಅಂತನ ಅನ್ನಿಸ್ಕೋರಿ" ಎಂದರು. ಆಮೇಲೆಯೇ ಚಪ್ಪಲಿ ಬಿಟ್ಟು ಒಳಗೆ ಹೋದೆ.