ಮೀನಿಗೆ ದಾಸೋಹ ಇಟ್ಟ ತಿಂಗಳು

ತಡೀರಿ, ಪುಟ ಮಗುಚಬೇಡಿ. ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವನೊಬ್ಬ ಮಳೆಗಾಲದ ಇಡೀ ಒಂದು ತಿಂಗಳು ಭದ್ರಾ ಹಿನ್ನೀರಿನ ನಡುಗಡ್ಡೆಗಳ ಸುತ್ತ ಗಾಳ ಹಾಕಿಕೊಂಡು ಕೂತಿದ್ದ ಕಥೆ ಇದು. ಅವನು ಬೇರೆ ಯಾರೂ ಅಲ್ಲ, ನಾನೇ.

ಎಂಬತ್ತರ ದಶಕದ ಆರಂಭ. ಡಿಗ್ರಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಮುಂದಿನ ತಿಂಗಳಿಂದ ಕಡೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ ಕೂರಬೇಕೆಂದು ಅಪ್ಪ ಹೇಳಿಯಾಗಿತ್ತು. ಕೂತ ಮೇಲೆ ಏಳುವ ಮಾತಿಲ್ಲ. ಅಷ್ಟರೊಳಗೆ ನನಗಿದ್ದದ್ದು ಒಂದೇ ಆಸೆ: ನಾನೇ ಮಾಡಿದ ಗಾಳದಲ್ಲಿ ಮೊಳದುದ್ದದ ಒಂದು ಮೀನು ಹಿಡಿಯಬೇಕು. ತಿನ್ನುವುದಕ್ಕಲ್ಲ, ಹಿಡಿಯುವುದಕ್ಕೆ!

ರದ್ದಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ಇಂಗ್ಲಿಷ್ ಪತ್ರಿಕೆಯ ಚಿತ್ರಗಳೇ ನನ್ನ ಗುರು. ಬಿದಿರಿನ ಕೋಲಿಗೆ ರೀಲು ಬೇಕಲ್ಲ? ಸೈಕಲ್ ಚಕ್ರದ ನಡುವಿನ ಹಬ್ಬಿನ ಎರಡೂ ಕಡೆ ಡಬ್ಬಿಯ ಮುಚ್ಚಳ ಬಿಗಿದು, ನೈಲಾನ್ ದಾರ ಸುತ್ತಿ ಅದನ್ನೂ ಮಾಡಿಕೊಂಡೆ. ತರೀಕೆರೆಯಲ್ಲಿ ಬಸ್ಸು ಬದಲಿಸಿ ಲಕ್ಕವಳ್ಳಿಯ ಅಕ್ಕನ ಮನೆ ತಲುಪಿದಾಗ ಅಕ್ಕ ಬಾಗಿಲಲ್ಲೇ ತಡೆದಳು: "ಮೀನಿನ ವಾಸ್ನೆ ಹೊತ್ಕೊಂಡು ಒಳಗೆ ಬಂದ್ಯೋ, ಬಚ್ಚಲಲ್ಲೇ ತಟ್ಟೆ ಹಾಕ್ತೀನಿ ಕಣೋ!"

ಹಿನ್ನೀರಿನ ದಡದಲ್ಲಿ ಹರಿಗೋಲು ಇಟ್ಟುಕೊಂಡಿದ್ದ, ಬಲೆ ಬೀಸುವ ಯಜಮಾನರೊಬ್ಬರು ಸಿಕ್ಕರು. ಐವತ್ತರ ಆಸುಪಾಸು, ಬಾಯಿ ತುಂಬ ಎಲೆಅಡಿಕೆ. ನಮ್ಮ ಒಪ್ಪಂದ ಇಷ್ಟೇ: ಅವರು ದಿನಾ ಬೆಳಿಗ್ಗೆ ಹುಟ್ಟು ಹಾಕಬೇಕು, ಗಾಳಕ್ಕೆ ಬಿದ್ದ ಮೀನೆಲ್ಲ ಅವರದು.

ಮೊದಲ ದಿನವೇ ಅವರು ಎರೆಹುಳು ತುಂಬಿದ ಚಿಪ್ಪು ಮುಂದೆ ಹಿಡಿದರು. ನಾನು ಹಿಂದೆ ಸರಿದೆ.

"ಬೇಡ ಯಜಮಾನ್ರೇ, ಪಾಪ, ಅದಕ್ಕೂ ಜೀವ ಇರುತ್ತಲ್ಲ."

"ಮೀನಿಗೆ ಜೀವ ಇಲ್ವೇನಪ್ಪಾ?"

"ಮೀನನ್ನ ವಾಪಸ್ ನೀರಿಗೆ ಬಿಟ್ಬಿಡ್ತೀನಿ."

"ಯಾರನ್ ಕೇಳಿ? ಮೀನು ನಂದು!"

ಕೊನೆಗೆ ಅಕ್ಕನ ಮನೆಯ ರಾಗಿಮುದ್ದೆಯನ್ನೇ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿದೆ. ಹದವಾಗಿ ಬೆಂದ, ಬೆಣ್ಣೆಯಂಥ ಮುದ್ದೆ. ನೀರಿಗೆ ಬಿದ್ದದ್ದೇ ಕರಗಿ ಹೋಗುತ್ತಿತ್ತು. ಮೇಲೆತ್ತಿದರೆ ತೊಳೆದಿಟ್ಟಂಥ ಖಾಲಿ ಕೊಕ್ಕೆ. ವಾರಗಟ್ಟಲೆ ಇದೇ ಆಯಿತು. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನದ ಹೊತ್ತಿಗೆ ಕೆಮ್ಮಣ್ಣುಗುಂಡಿ ಕಡೆಯಿಂದ ಗಾಳಿ, ಹಿಂದೆಯೇ ಜಡಿಮಳೆ. ಗೋಣಿಯ ಕೊಪ್ಪೆ ಹೊದ್ದು ಯಾವುದಾದರೂ ನಡುಗಡ್ಡೆಯ ಮರದಡಿ ಕೂರುತ್ತಿದ್ದೆವು. ಮಳೆ ನಿಂತರೆ ಮತ್ತೆ ನೀರಿಗೆ. ನೀರು ಏರುತ್ತಾ ಹೋಯಿತು. ಮೊದಲ ವಾರ ನಾನು ಬುತ್ತಿ ಬಿಚ್ಚಿದ್ದ ನಡುಗಡ್ಡೆ ಮೂರನೇ ವಾರಕ್ಕೆ ಬರೀ ಒಂದು ಮರದ ತಲೆ. ಇಷ್ಟೆಲ್ಲ ಆದರೂ ನನಗೆ ಬೇಸರ ಅನ್ನುವುದೇ ಬರಲಿಲ್ಲ ನೋಡಿ!

ಬೇಸರ ಬಂದದ್ದು ಯಜಮಾನರಿಗೆ. ದಿನಾ ಬರಿಗೈಯಲ್ಲಿ ಬರುವ ಗಂಡನನ್ನು ನೋಡಿ ಅವರ ಹೆಂಡತಿ, ದಡದಲ್ಲಿ ಬಲೆ ಹೆಣೆಯುತ್ತಾ, ನನ್ನ ಕಡೆ ತಿರುಗಿ ನಗುತ್ತಿದ್ದರು: "ಇವತ್ತೂ ದಾಸೋಹ ಮುಗೀತಾ? ನಿಮ್ ಮಠದೋರು ಜನಕ್ಕೆ ಇಕ್ತಾರೆ, ನೀನು ಮೀನಿಗೆ ಇಕ್ತೀಯ ಕಣಪ್ಪಾ!"

ನಾನು ಊರಿಗೆ ಹೊರಡಲು ಎರಡು ದಿನ ಉಳಿದಿತ್ತು. ಯಜಮಾನರು ಎಲೆಅಡಿಕೆ ಉಗಿದು, "ನಾಳೆ ಒಂದಿನ ಬತ್ತೀನಿ. ನಾಳಿದ್ದಿಂದ ನನ್ನ ಬಲೆ ನನಗೆ" ಅಂದರು. ನನ್ನ ಮುಖ ಇಳಿದದ್ದು ನೋಡಿ ಅವರ ಹೆಂಡತಿಗೆ ಅಯ್ಯೋ ಅನ್ನಿಸಿರಬೇಕು. "ಉಣ್ಣೋಕಾದ್ರೆ ಮುದ್ದೆ ಮೆತ್ತಗಿರ್ಬೇಕು, ಗಾಳಕ್ಕಲ್ಲ. ಹಸಿಹಿಟ್ಟು, ಕಡ್ಲೆಕಾಯ್ ಹಿಂಡಿ, ಬೆಲ್ಲ ಹಾಕು. ಒಂದ್ ಚೂರು ಹತ್ತಿ ಸೇರಿಸಿ ಚೆನ್ನಾಗಿ ನಾದು. ಹತ್ತಿ ಹಿಡ್ಕೊಂಡ್ರೆ ಹಿಟ್ಟು ಬಿಡಲ್ಲ" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದದ್ದಕ್ಕೆ, "ನೀನ್ ಕೇಳಿದ್ಯಾ? ಪುಸ್ತಕ ನೋಡಿ ಕಲ್ತೋನು!" ಅಂದುಬಿಟ್ಟರು.

ಅಕ್ಕನ ದಿಂಬಿನಿಂದ ಹತ್ತಿ ಕಿತ್ತೆ.

ಮಾರನೆಯ ದಿನ ಬಿಸಿಲೂ ಮಳೆಯೂ ಒಟ್ಟಿಗೇ ಬಂದವು. ಮಧ್ಯಾಹ್ನದವರೆಗೆ ಏನೂ ಇಲ್ಲ. ಆಮೇಲೆ ಒಮ್ಮೆಲೇ ರೀಲು ಕಿರ್ರೆಂದು ತಿರುಗಿತು! ತಡೆಯಲು ಹೆಬ್ಬೆರಳು ಒತ್ತಿದೆ, ಚರ್ಮ ಸುಟ್ಟಿತು. ಎದ್ದು ನಿಂತೆ. ಹರಿಗೋಲಿನಲ್ಲಿ ಯಾರಾದರೂ ನಿಲ್ಲುತ್ತಾರೆಯೇ?

"ಕೂತ್ಕೊಳ್ಳಲೇ! ಇಬ್ರನ್ನೂ ಮುಳುಗಿಸ್ತೀಯ!"

ಮೀನು ಎಳೆದ ಕಡೆಗೆಲ್ಲ ಹರಿಗೋಲು ಬುಗುರಿಯ ಹಾಗೆ ಸುತ್ತಿತು. ದಾರ ಬಿಟ್ಟೆ, ಸುತ್ತಿದೆ, ಮತ್ತೆ ಬಿಟ್ಟೆ. ಯಜಮಾನರು ಹುಟ್ಟು ಹಾಕುವುದನ್ನು ಬಿಟ್ಟು "ಸಡ್ಲ ಬಿಡು, ಈಗ ಎಳಿ, ಹಂಗೇ, ಹಂಗೇ!" ಎಂದು ಕೂಗುತ್ತಿದ್ದರು. ಕೊನೆಗೆ ಅವರೇ ಬಗ್ಗಿ ಗೋಣಿಚೀಲದಲ್ಲಿ ಬಾಚಿ ಎತ್ತಿಕೊಂಡರು. ಕಾಟ್ಲಾ. ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚು! ಅಳೆದದ್ದು ಅವರೇ, ಎರಡು ಸಲ.

ಅದರ ಬೆನ್ನ ಮೇಲೆ ಕೈ ಇಟ್ಟೆ. ನೀರಿಗೆ ಬಿಡಬೇಕು ಅನ್ನಿಸಿತು. "ಯಜಮಾನ್ರೇ..." ಅಂದೆ.

"ಏನು?"

ತಿಂಗಳೆಲ್ಲ ಹುಟ್ಟು ಹಾಕಿದ ಆ ತೋಳು ನೋಡಿದೆ. "ಏನಿಲ್ಲ" ಅಂದೆ.

ಸಂಜೆ ಅವರ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ನನಗೆ ಬೇರೆಯಾಗಿ ಸೊಪ್ಪಿನ ಸಾರು. "ಹೊಸ ಮಡಕೆ ಕಣಪ್ಪಾ, ಅನುಮಾನ ಬೇಡ" ಎಂದು ಆಕೆ ಬಡಿಸಿದರು. ಎಲ್ಲರೂ ಮೀನು ಸವಿಯುವಾಗ ನನಗೆ ತಡೆಯಲಾಗಲಿಲ್ಲ. "ಹೆಂಗಿದೆ?" ಎಂದು ಕೇಳಿಯೇಬಿಟ್ಟೆ.

"ತಿನ್ದೇ ಇರೋನು ರುಚಿ ಕೇಳ್ತಾನೆ ನೋಡೇ!" ಯಜಮಾನರು ಗಹಗಹಿಸಿ ನಕ್ಕರು. ಆಮೇಲೆ ಬೆರಳು ನೆಕ್ಕಿ, ಗಂಭೀರವಾಗಿ ಹೇಳಿದರು: "ಚೆನ್ನಾಗ್ ಹಿಡ್ದೆ ಕಣೋ."

ಬಿಟ್ಟಿದ್ದರೆ ಸರಿಯಿರುತ್ತಿತ್ತೋ, ಕೊಟ್ಟದ್ದೇ ಸರಿಯೋ, ನನಗಿನ್ನೂ ತೀರ್ಮಾನ ಆಗಿಲ್ಲ. ನಿಮ್ಮಲ್ಲೂ ನನ್ನಂಥವರು ಇರಬೇಕಲ್ಲ, ತಿನ್ನದಿದ್ದರೂ ಗಾಳ ಹಿಡಿದವರು? ನಿಮ್ಮ ಮೊದಲ ಮೀನನ್ನು ಏನು ಮಾಡಿದಿರಿ? ದಯವಿಟ್ಟು ಬರೆದು ತಿಳಿಸಿ. ಗಾಳಕ್ಕೆ ಏನು ಸಿಕ್ಕಿಸಿದ್ದಿರಿ ಅನ್ನುವುದನ್ನಂತೂ ಮರೆಯಬೇಡಿ!