ಗುಡ್ಡದ ಮೇಲೆ ಸುಮ್ಮನೆ ಕೂತವಳು

ಹೋದ ಭಾನುವಾರ ನನ್ನ ಜೀವ ಉಳಿಸಲು ಹನ್ನೊಂದು ಮಂದಿ ಬಾವಿಯ ಹಗ್ಗ ಹಿಡಿದುಕೊಂಡು ಗುಡ್ಡ ಹತ್ತಿ ಬಂದರು. ಆ ಹೊತ್ತಿಗೆ ನಾನು ಬಂಡೆಯ ಮೇಲೆ ಕಾಲು ಚಾಚಿ ಕೂತು ಚುರಮುರಿ ತಿನ್ನುತ್ತಿದ್ದೆ.

ನಗಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಹಂಸಭಾವಿಯ ನಮ್ಮ ಮನೆಯಿಂದ ಗುಡ್ಡದ ತುದಿಗೆ ಅರ್ಧ ತಾಸಿನ ದಾರಿ. ದನ ಅಡ್ಡಾಡಿ ಸವೆದ ಕಾಲುದಾರಿ, ಮುಳ್ಳಿಲ್ಲ, ಜಾರಿಕೆಯಿಲ್ಲ. ದೀಪಾವಳಿಗೆ ಮೊದಲು ಹುಬ್ಬಳ್ಳಿಯ ಡಾಕ್ಟರು ನನ್ನ ತೂಕ ನೋಡಿ ಗಾಬರಿಯಾಗಿ, 'ದಿನಾ ವಾಕಿಂಗ್ ಮಾಡ್ರಿ' ಅಂದಿದ್ದರು. ಅಂದಿನಿಂದ ಸಂಜೆ ಸಾಲಿಯಲ್ಲಿ ಪಾಠ ಮುಗಿಸಿದ ಮೇಲೆ (ರಜೆಯಿದ್ದರೆ ಬೆಳಿಗ್ಗೆ) ಗುಡ್ಡ ಹತ್ತುತ್ತೇನೆ. ಜೊತೆಗೆ ನಮ್ಮ ನಾಯಿ ರಾಜಾ. ಅವನನ್ನು ನಾವು ಸಾಕಿದ್ದಲ್ಲ. ಎರಡು ವರ್ಷದ ಹಿಂದೆ ಅವನೇ ಬಂದು ನಮ್ಮ ಕಟ್ಟೆಯ ಮೇಲೆ ಮಲಗಿದ, ಆಮೇಲೆ ಏಳಲೇ ಇಲ್ಲ. ಗುಡ್ಡ ಅಂದರೆ ಮಾತ್ರ ಎದ್ದು ಕುಣಿಯುತ್ತಾನೆ.

ಮೇಲೆ ಒಂದು ಚಪ್ಪಟೆ ಬಂಡೆ. ಕೂತರೆ ಜೋಳದ ಹೊಲ, ಹತ್ತಿಯ ಹೊಲ, ನಡುವೆ ಬಿಸಿಲಿಗೆ ಹೊಳೆಯುವ ಕೆರೆ. ದೂರದಲ್ಲಿ ಹಿರೇಕೆರೂರಿನ ಬಸ್ಸು ಧೂಳೆಬ್ಬಿಸುತ್ತ ಇರುವೆಯ ಹಾಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಕಲ್ಲು ಒಡೆದು ಬಿಟ್ಟ ಹಳೆಯ ಖಣಿ, ಅದರ ತುಂಬ ಹಸಿರು ನೀರು. ಇದೆಲ್ಲ ಪುಕ್ಕಟೆ. ಆದರೆ ಅಲ್ಲಿಗೆ ಮುಟ್ಟುವುದಿದೆಯಲ್ಲ?

"ಎಲ್ಲಿಗ್ ಹೊಂಟ್ರಿ ಅಕ್ಕೋರ?" ಕಿರಾಣಿ ಅಂಗಡಿಯ ಬಸಪ್ಪನವರು ದಿನಾ ಕೇಳುತ್ತಾರೆ. (ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು.)

"ಗುಡ್ಡಕ್ರಿ."

"ಅಲ್ಲೇನ್ ಐತ್ರಿ?"

"ಏನಿಲ್ರಿ. ಸುಮ್ನ."

ಈ 'ಸುಮ್ನ' ನಮ್ಮೂರಿಗೆ ಜೀರ್ಣವಾಗುವುದಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುವವರು ಕೇಳುತ್ತಾರೆ, "ಏನರ ಹರಕಿ ಹೊತ್ತೀರೇನ್ರಿ?" ಇನ್ನೊಬ್ಬರು, "ಎಮ್ಮಿ ತಪ್ಪಿಸ್ಕೊಂಡೈತೇನ್ರಿ?" ಸಾಕಾಗಿ ಒಂದು ದಿನ, ನಾಯಿ ಅಡ್ಡಾಡಿಸಾಕ ಹೊಂಟೇನಿ ಅಂದೆ. "ಯಾಕ್ರಿ, ಅದಕ್ಕ ತಾನಽ ಅಡ್ಡಾಡಾಕ ಬರೂದಿಲ್ಲೇನು?" (ಅದೇ ಗುಡ್ಡದ ಬುಡದಲ್ಲಿ ಗಂಡಸರು ದಿನವಿಡೀ ಇಸ್ಪೀಟು ಆಡುತ್ತಾರೆ. ಅವರನ್ನು ಯಾರಾದರೂ ಕೇಳಿದ್ದುಂಟಾ?)

ಈಗ ಭಾನುವಾರದ ಕಥೆ. ನನ್ನ ಯಜಮಾನರು ಹಿರೇಕೆರೂರಿನ ಕಚೇರಿಯೊಂದರಲ್ಲಿ ಕ್ಲಾರ್ಕು. ಹೊಸ ಟ್ರಾನ್ಸಿಸ್ಟರ್ ತಂದಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ದಾಡಿ ಮಾಡಿಕೊಳ್ಳುತ್ತ, ಕೆನ್ನೆಯ ತುಂಬ ಸಾಬೂನು, ಹೇಳುತ್ತಾರೆ:

"ಕ್ರಿಕೆಟ್ ಕಾಮೆಂಟ್ರಿ ಕೇಳಾಕ ಆಫೀಸಿನವ್ರು ನಾಕು ಮಂದಿ ಬರಾಕತ್ತಾರ. ಊಟ ಇಲ್ಲೇ."

"ಯಾವಾಗ ಕರದ್ರಿ?"

"ಮಂಗಳಾರ. ಹೇಳೂದು ಮರತೆ. ಭಾಳೇನ್ ಬ್ಯಾಡ, ಹೋಳಿಗಿ ಮಾಡಿಬಿಡು ಸಾಕು."

ಸಾಕಂತೆ! ಹೋಳಿಗೆ ಮಾಡಿಬಿಟ್ಟರೆ ಸಾಕಂತೆ! ಮೂರು ಕ್ಲಾಸಿನ ಪರೀಕ್ಷೆ ಪೇಪರು ತಿದ್ದುವುದಿತ್ತು. ಬಕೆಟ್ಟಿನಲ್ಲಿ ಅರಿವೆ ನೆನೆದಿದ್ದವು. ಅತ್ತೆಗೆ ಸೊಂಟ ನೋವು.

"ನನಗ ಸಾಕಾಗೇತಿ. ನಾ ಹೊಂಟೆ!" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಒಂದು ಪೊಟ್ಟಣ ಚುರಮುರಿ ಕಟ್ಟಿಕೊಂಡು, ರಾಜಾನನ್ನು ಕರೆದುಕೊಂಡು ಹೊರಬಿದ್ದೆ. ಬಸಪ್ಪನವರು ಎಂದಿನಂತೆ ಕೇಳಿದರು. ಆ ದಿನ ಉತ್ತರ ಕೊಡಲಿಲ್ಲ.

ಪಕ್ಕದ ಮನೆಯ ಶಾಂತಕ್ಕ ಗೋಡೆಯಾಚೆ ನನ್ನ ಮಾತು ಕೇಳಿಸಿಕೊಂಡಿದ್ದಳು. ಅವಳು ಹೋಗಿ ಬಸಪ್ಪನವರಿಗೆ ಹೇಳಿದಳು. ಅಷ್ಟು ಸಾಲದೇ? ನಾನು ತುದಿ ಮುಟ್ಟುವ ಮೊದಲೇ ಊರು ತೀರ್ಮಾನ ಮಾಡಿಯಾಗಿತ್ತು.

ಇತ್ತ ಗಾಳಿ ತಂಪಾಗಿತ್ತು. ರಾಜಾ ಓತಿಕ್ಯಾತನ ಬೆನ್ನು ಹತ್ತಿದ್ದ. ನನ್ನ ಸಿಟ್ಟು ಅರ್ಧ ಇಳಿದು, ಹೋಗಲಿ, ಅನ್ನ ಸಾರು ಮಾಡಿ ಹಾಕಿದರಾಯಿತು ಎಂಬಲ್ಲಿಗೆ ಬಂದಿತ್ತು. ಆಗ ಕೆಳಗಿನಿಂದ ಕೂಗು.

"ಅಕ್ಕೋರ! ಅಲ್ಲೇ ಕುಂದ್ರಿ! ಅವಸರ ಮಾಡಬ್ಯಾಡ್ರಿ!"

ಯಾವ ಅವಸರ? ಎದ್ದು ನೋಡಿದೆ. "ಅಯ್ಯೋ, ಎದ್ರು!" ಎಂದು ಶಾಂತಕ್ಕ ಚೀರಿದಳು. ಎಲ್ಲರ ಮುಂದೆ ಹಗ್ಗ ಹೊತ್ತ ಬಸಪ್ಪನವರು. ಬಸ್ಸಿಳಿದು ಮನೆ ಹೊಕ್ಕವರೇ ಹಾಗೇ ಓಡಿಬಂದಿದ್ದ ನಮ್ಮ ನಾಲ್ವರು ಅತಿಥಿಗಳೂ ಇದ್ದರು. ಒಬ್ಬರ ಕಂಕುಳಲ್ಲಿ ನಮ್ಮ ಟ್ರಾನ್ಸಿಸ್ಟರ್. ಹೌದು, ಕಾಮೆಂಟ್ರಿ ನಡೆದೇ ಇತ್ತು.

ರಾಜಾ ದಾರಿಗೆ ಅಡ್ಡ ನಿಂತು ಹಲ್ಲು ತೋರಿಸಿದ. ನನ್ನ ಜೀವ ಉಳಿಸಲು ಬಂದವರು ತಮ್ಮ ಜೀವಕ್ಕೆ ಹೆದರಿ ನಿಂತರು. "ನಾಯಿ ಹಿಡೀರಿ ಅಕ್ಕೋರ!" ಹಗ್ಗ ನೋಡಿದೆ, ಖಣಿ ನೋಡಿದೆ. ಆಗ ಹೊಳೆಯಿತು. ಮೈಯೆಲ್ಲ ಉರಿಯಿತು. ನಾಯಿಯನ್ನು ಬೇಕೆಂದೇ ಕರೆಯಲಿಲ್ಲ.

ರಾಜಾ ದಾರಿ ಬಿಟ್ಟದ್ದು ಯಜಮಾನರೊಬ್ಬರಿಗೆ. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಅರ್ಧ ಕೆನ್ನೆಯ ಮೇಲೆ ಒಣಗಿದ ಸಾಬೂನು. ಬಂದು ಪಕ್ಕದಲ್ಲಿ ಕುಸಿದು ಕೂತರು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ಹಿಡಿದರು. ಹದಿನಾರು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಹಾಗೆ ಹಿಡಿದದ್ದು ಅದೇ ಮೊದಲು.

"ಹೋಳಿಗಿ ಬ್ಯಾಡ," ಅಂದರು. ಅಷ್ಟೇ.

"ನಾ ಅಂಥಾಕಿ ಅನ್ನಿಸ್ತೇನ್ರಿ ನಿಮಗ?"

ಅವರು ಕೆನ್ನೆಯ ಸಾಬೂನು ಕೆರೆದುಕೊಂಡರು. ಉತ್ತರ ಕೊಟ್ಟದ್ದು ಬಸಪ್ಪನವರು, ದೂರದಲ್ಲೇ ಹಗ್ಗದ ಸಿಂಬಿಯ ಮೇಲೆ ಕೂತು ಏದುಸಿರು ಬಿಡುತ್ತ.

"ಹೋದ ವರ್ಷ ಕೆಳಗಿನ ಓಣಿ ಸೊಸಿ ಹಿಂಗಽ ನನ್ನ ಅಂಗಡಿ ಮುಂದ ಹಾದು ಬಂದ್ಲ್ರಿ. ಎಲ್ಲಿಗವಾ ಅಂತ ನಾ ಕೇಳಲಿಲ್ಲ. ಗಿರಾಕಿ ಇದ್ರು." ಖಣಿಯ ಕಡೆ ನೋಡದೆ ಮಾತು ಮುಗಿಸಿದರು. "ಅವತ್ತಿಂದ ಎಲ್ಲಾರ್ನೂ ಕೇಳ್ತೇನ್ರಿ."

ಆ ಹುಡುಗಿಯ ಮನೆಯಲ್ಲಿ ದಿನಾ ಹೊಡೆತ ಬಡಿತ ಎಂದು ಓಣಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಳು ಬದುಕಿದ್ದಾಗ ಹನ್ನೊಂದು ಮಂದಿ ಅವಳ ಬಾಗಿಲಿಗೆ ಹೋಗಲಿಲ್ಲ. ಒಬ್ಬರೂ ಹೋಗಲಿಲ್ಲ. ನಾನು 'ಪಾಪ' ಅಂದು ಪೇಪರು ತಿದ್ದುತ್ತ ಕೂತಿದ್ದೆ.

ಎಲ್ಲರೂ ಇಳಿದು ಮನೆಗೆ ಬಂದೆವು. ಅತ್ತೆ ಸೊಂಟ ಹಿಡಿದುಕೊಂಡೇ ಉಪ್ಪಿಟ್ಟು ತಿರುವಿದ್ದರು. ಅತಿಥಿಗಳು ತಿಂದರು, ಮ್ಯಾಚ್ ಮುಂದುವರಿಯಿತು. ಸಂಜೆ ಮನೆಯಲ್ಲಿ ಠರಾವು ಆಯಿತು. "ಇನ್ನ ಗುಡ್ಡ ಬ್ಯಾಡವಾ, ಮಂದಿ ಏನರ ತಿಳ್ಕೋತಾರ" ಎಂದು ಅತ್ತೆ. ಅಲ್ಲಿಯವರೆಗೆ ಮೆತ್ತಗಿದ್ದ ಯಜಮಾನರೂ ದನಿಗೂಡಿಸಿದರು: "ಸಿಟ್ಟು ಬಂದ್ರ ಮನ್ಯಾಗಽ ಕುಂದ್ರಬಾರದೇನು?" ನೋಡಿ! ಸಿಟ್ಟು ಬರಿಸಿದವರ ಜೊತೆಯಲ್ಲೇ ಕೂತು ಸಿಟ್ಟು ಇಳಿಸಿಕೊಳ್ಳಬೇಕಂತೆ.

ಸೋಮವಾರ ಹೊರಟೇಬಿಟ್ಟೆ. ಬಸಪ್ಪನವರು ಕೇಳಿದರು. "ಗುಡ್ಡಕ್ರಿ. ಆರೂವರಿಗೆ ಬರ್ತೇನಿ" ಅಂದೆ. ಅವರು ಗಡಿಯಾರ ನೋಡಿಕೊಂಡು ತಲೆಯಾಡಿಸಿದರು. ಅವರ ಮೇಲಿನ ಸಿಟ್ಟು ಹೋಗಿದೆ. ಉಳಿದವರ ಮೇಲಿನದು ಇದೆ.

ಗಂಡಸು ಸಿಟ್ಟಿಗೆದ್ದು ಹೊರಗೆ ಹೋದರೆ, 'ಚಾದಂಗಡಿಗೆ ಹೋಗಿರಬೇಕು, ಬರ್ತಾನ ಬಿಡು' ಅನ್ನುತ್ತೀರಿ. ಸಿಟ್ಟು ಬಂದ ಹೆಂಗಸು ಹತ್ತು ನಿಮಿಷ ಕೂತು ಎದ್ದು ಬರಲು ಊರೊಳಗೆ ಎಲ್ಲಿ ಜಾಗ ಇಟ್ಟಿದ್ದೀರಿ, ಸ್ವಲ್ಪ ತೋರಿಸ್ತೀರಾ?